ಆಗುಂಬೆಯ ಮಳೆ ಕಂಡವರಿಗೆ ನ್ಯೂಜಿಲೆಂಡಿನ ಮಳೆ ಏನು ಮಹಾ?

ಪ್ರಶ್ನೆ: ನಾನು ಉಡುಪಿಯಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು 46. ಬರುವ ಡಿಸೆಂಬರಿನಲ್ಲಿ ನಾನು ಮತ್ತು ನನ್ನ ಭಾವ (ಅಕ್ಕನ ಗಂಡ, 52) ನ್ಯೂಜಿಲೆಂಡಿಗೆ ಹೋಗುತ್ತಿದ್ದೇವೆ. ಅವರ ಮಗಳು ಅಲ್ಲಿ ಓದುತ್ತಿದ್ದಾಳೆ. ಕೆಪ್ಲರ್ ಟ್ರ್ಯಾಕ್ ಎಂಬ 60 ಕಿಲೋಮೀಟರ್ ಚಾರಣಕ್ಕೆ ಮೂರು ರಾತ್ರಿಯ ತಂಗುವ ಜಾಗವನ್ನು ಕಾದಿರಿಸಿ ಆಗಿದೆ. "ಇಲ್ಲಿ ಒಂದೇ ದಿನದಲ್ಲಿ ನಾಲ್ಕು ಋತು ಬರುತ್ತದೆ ಮಾವ" ಎಂದು ಹುಡುಗಿ ಹೆದರಿಸುತ್ತಿದ್ದಾಳೆ. ನಾವು ಕರಾವಳಿಯವರು, ಮಳೆ ಹೊಸದಲ್ಲ. ಕುಮಾರ ಪರ್ವತ, ಕೊಡಚಾದ್ರಿ ಹತ್ತಿದ್ದೇವೆ. ಯಾವ ಬಗೆಯ ಜಾಕೆಟ್ ಕೊಳ್ಳಬೇಕು? ಊರಿನಲ್ಲೇ ಏನಾದರೂ ತಯಾರಿ ಮಾಡಿಕೊಳ್ಳಬಹುದೇ? ಕೊಡೆ ಒಯ್ಯಬಹುದೇ? ನಡುದಾರಿಯಲ್ಲಿ ಹವಾಮಾನ ಕೆಟ್ಟರೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ "ಮಳೆ ಹೊಸದಲ್ಲ" ಎಂಬ ಎರಡು ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇದೇ ಮಾತನ್ನು ಹೇಳಿಕೊಂಡು ನಾನೂ ಮೊದಲ ಸಲ ಆ ದೇಶಕ್ಕೆ ಹೋಗಿದ್ದೆ. ಮಂಗಳೂರಿನಲ್ಲಿ ಹುಟ್ಟಿ, ಆಟಿ ತಿಂಗಳ ಮಳೆಯಲ್ಲಿ ಶಾಲೆಗೆ ನಡೆದು, ಚಾರ್ಮಾಡಿ, ಶಿರಾಡಿಯ ಕಾಡುಗಳಲ್ಲಿ ಇಂಬಳಗಳಿಗೆ ರಕ್ತ ಕೊಟ್ಟು ಬೆಳೆದವನಿಗೆ ಮಳೆಯ ಪಾಠ ಬೇರೆ ಬೇಕೇ ಎಂಬ ಗತ್ತು ನನ್ನದು.

ನಾನು ನಡೆದದ್ದು ರೌಟ್‌ಬರ್ನ್ ಎಂಬ ದಾರಿ. ನಿಮ್ಮ ಕೆಪ್ಲರ್‌ಗೆ ನೆರೆಯದು. ಅದರಲ್ಲಿ 1,255 ಮೀಟರ್ ಎತ್ತರದ ಹ್ಯಾರಿಸ್ ಸ್ಯಾಡಲ್ ಎಂಬ ಕಣಿವೆಬಾಯಿಯನ್ನು ದಾಟಬೇಕು. ನಮ್ಮ ಕೊಡಚಾದ್ರಿಯೇ ಅದಕ್ಕಿಂತ ಸ್ವಲ್ಪ ಎತ್ತರ, 1,343 ಮೀಟರ್. ನಾನು ತೊಟ್ಟದ್ದು ಊರಿನಲ್ಲಿ ಸ್ಕೂಟರ್ ಸವಾರಿಗೆಂದು ಕೊಂಡಿದ್ದ ದಪ್ಪನೆಯ ರೇನ್‌ಕೋಟು, ಒಳಗೆ ಹತ್ತಿಯ ಅಂಗಿ, ಅದರೊಳಗೆ ಹತ್ತಿಯ ಬನಿಯನ್. ಕೋಟು ತನ್ನ ಕೆಲಸವನ್ನು ಮಾಡಿತು, ಹೊರಗಿನ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಒಳಗಿನದನ್ನು ಹೊರಗೂ ಬಿಡಲಿಲ್ಲ. ಮೂರು ಗಂಟೆಯ ಏರಿನಲ್ಲಿ ಸುರಿದ ಬೆವರು ಬನಿಯನ್ನನ್ನು ಹಿಂಡುವಷ್ಟು ತೋಯಿಸಿತ್ತು. ಮೇಲೆ ಮುಟ್ಟಿದ ಕೂಡಲೇ ಗಾಳಿ ಎದುರಾಯಿತು. ಹಸಿವಾಗಿ ಜೇಬಿನಿಂದ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ತೆಗೆದೆ. ಹರಿಯಲು ಆಗಲಿಲ್ಲ. ಬೆರಳುಗಳು ಪೊಟ್ಟಣದ ಅಂಚನ್ನು ಹಿಡಿದಿರುವುದು ಕಣ್ಣಿಗೆ ಕಾಣುತ್ತಿದೆ, ಆದರೆ ಹಿಡಿತ ಬೀಳುತ್ತಿಲ್ಲ, ಬೇರೆ ಯಾರದೋ ಬೆರಳಿನ ಹಾಗೆ. ಹಲ್ಲಿನಿಂದ ಕಚ್ಚಿ ಹರಿಯಲು ಹೋದರೆ ದವಡೆ ಕಟಕಟನೆ ನಡುಗಿ ಪೊಟ್ಟಣ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಬೇಕೆಂದು ಅನ್ನಿಸಲಿಲ್ಲ. "ಇರಲಿ ಬಿಡು" ಅನ್ನಿಸಿತು.

ಆ "ಇರಲಿ ಬಿಡು" ಎಂಬುದೇ ಕಾಯಿಲೆಯ ಗುರುತು ಎಂದು ನನಗೆ ತಿಳಿದಿರಲಿಲ್ಲ. ಹಿಂದಿನಿಂದ ಬರುತ್ತಿದ್ದ, ಅರುವತ್ತು ದಾಟಿದ ಅಲ್ಲಿಯವರೇ ಆದ ಹೆಂಗಸೊಬ್ಬರಿಗೆ ತಿಳಿದಿತ್ತು. ಮಾತಿಲ್ಲದೆ ನನ್ನ ತೋಳು ಹಿಡಿದು ಅಲ್ಲೇ ಇರುವ ತುರ್ತು ಆಸರೆಯ ಕೋಣೆಯೊಳಗೆ ತಳ್ಳಿದರು. ಅಂಗಿ ಬನಿಯನ್ ಬಿಚ್ಚಿಸಿ ತಮ್ಮ ಚೀಲದಿಂದ ಉಣ್ಣೆಯ ಅಂಗಿ ತೆಗೆದುಕೊಟ್ಟರು, ನೀರು ಕಾಯಿಸಿ ಕೈತುಂಬ ಸಕ್ಕರೆ ಹಾಕಿ ಕುಡಿಸಿದರು. ಆಗ ಹೊರಗೆ ಹಿಮವಿರಲಿಲ್ಲ, ಸೊನ್ನೆ ಡಿಗ್ರಿಯೂ ಇರಲಿಲ್ಲ. ಗೋಡೆಯ ಮೇಲಿನ ಉಷ್ಣಮಾಪಕ ಏಳು ಡಿಗ್ರಿ ತೋರಿಸುತ್ತಿತ್ತು.

ಹಾಗಾಗಿ ಜಾಕೆಟ್ಟಿಗೆ ಮೊದಲು ಈ ಲೆಕ್ಕ. ಜುಲೈಯಲ್ಲಿ ಉಡುಪಿಯ ಜಡಿಮಳೆಯಲ್ಲೂ ಗಾಳಿಯ ಉಷ್ಣತೆ 24ರಿಂದ 28 ಡಿಗ್ರಿ. ಚಂಡಿಯಾದರೆ ಬೈರಾಸಿನಿಂದ ತಲೆ ಒರೆಸಿಕೊಂಡು ಒಂದು ಲೋಟ ಕಾಫಿ ಕುಡಿದರೆ ಮುಗಿಯಿತು. ಅದರಿಂದಾಗಿ ನಮಗೆ ಮಳೆ ಎಂದರೆ ಬರೀ ನೀರಿನ ಲೆಕ್ಕ: ಎಷ್ಟು ಸುರಿಯಿತು, ಎಲ್ಲಿ ಸೋರಿತು, ಯಾವ ಸೇತುವೆ ಮುಳುಗಿತು. ಅಲ್ಲಿ ಮಳೆ ಎಂದರೆ ಶಾಖದ ಲೆಕ್ಕ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೆಪ್ಲರ್‌ನ ಕೆಳಗಿರುವ ಟೆ ಅನೌ ಊರು ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಎತ್ತರದಲ್ಲಿದೆ. ದಾರಿಯ ಅತ್ಯಂತ ಎತ್ತರದ ಭಾಗ ಸುಮಾರು 1,400 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಳೆಯ ದಿನ ಊರಿನಲ್ಲಿ 14 ಡಿಗ್ರಿ ಇದ್ದರೆ ಮೇಲೆ ಆರು. ಆ ಆರಕ್ಕೆ ಗಂಟೆಗೆ 60 ಕಿಲೋಮೀಟರ್ ಗಾಳಿಯನ್ನು ಸೇರಿಸಿ, ಬರಿಮೈಗೆ ಅದು ಸೊನ್ನೆಯಂತೆ ನಾಟುತ್ತದೆ. ಇದು ಒಣ ಮೈಗೆ. ಬೆವರಿನಲ್ಲೋ ಮಳೆಯಲ್ಲೋ ನೆಂದ ಮೈಗೆ ಇನ್ನೂ ಕಠಿಣ. ಮತ್ತು ಇದೆಲ್ಲ ಅಲ್ಲಿನ ಬೇಸಗೆಯಲ್ಲಿ. ಡಿಸೆಂಬರ್, ಜನವರಿಯಲ್ಲೂ ಆ ಬೆಟ್ಟದ ಬೆನ್ನಿನ ಮೇಲೆ ಹಿಮ ಬೀಳುವುದುಂಟು.

ನಡುಬೇಸಗೆ ಎಂಬ ಮಾತನ್ನು ನಂಬಬಾರದೆಂಬುದಕ್ಕೆ ಭೂಮಿಯ ಇನ್ನೊಂದು ತುದಿಯ ಉದಾಹರಣೆ ಕೊಡುತ್ತೇನೆ. ಐಸ್‌ಲೆಂಡಿನ ಲೌಗವೇಗುರ್ ದಾರಿಯಲ್ಲಿ 2004ರ ಜೂನ್ ಕೊನೆಯಲ್ಲಿ, ಅಂದರೆ ರಾತ್ರಿಯೇ ಆಗದ ಅವರ ನಡುಬೇಸಗೆಯಲ್ಲಿ, ಯುವ ಚಾರಣಿಗನೊಬ್ಬ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ. ತಂಗುವ ಮನೆ ಅಲ್ಲಿಂದ ಒಂದು ಕಿಲೋಮೀಟರಿನೊಳಗಿತ್ತು. ಅಲ್ಲೊಂದು ಕಲ್ಲುಗುಪ್ಪೆಯ ಸ್ಮಾರಕವಿದೆ. ಹೆದರಿಸಲು ಹೇಳುತ್ತಿಲ್ಲ. ಮನೆ ಹತ್ತಿರದಲ್ಲೇ ಇದೆ ಎಂಬ ಧೈರ್ಯಕ್ಕೆ ಅಂಥ ಜಾಗದಲ್ಲಿ ಎಷ್ಟು ಬೆಲೆ ಎಂದು ನಿಮಗೆ ಗೊತ್ತಿರಲಿ.

ಇನ್ನು ನಿಮ್ಮ ಸೊಸೆ ಹೇಳುವ ನಾಲ್ಕು ಋತುವಿನ ಮಾತು. ಮಳೆಯ ಪ್ರಮಾಣ ನೋಡಿದರೆ ಅವರ ಮಿಲ್‌ಫರ್ಡ್ ಸೌಂಡ್ (ಬೆಟ್ಟಗಳ ನಡುವೆ ಒಳಹೊಕ್ಕ ಕಡಲಿನ ತೋಳು) ಮತ್ತು ನಮ್ಮ ಆಗುಂಬೆ ದಾಯಾದಿಗಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು, ಅಲ್ಲಿ 6,800 ಆಸುಪಾಸು. ಕಾರಣವೂ ಒಂದೇ. ಇಲ್ಲಿ ಅರಬ್ಬೀ ಸಮುದ್ರದ ಗಾಳಿ ಸಹ್ಯಾದ್ರಿಯನ್ನು ಏರಲು ಹೋಗಿ ನೀರನ್ನು ಇಳಿಸುತ್ತದೆ, ಅಲ್ಲಿ ಟಾಸ್ಮನ್ ಸಮುದ್ರದ ಪಡುವಣ ಗಾಳಿ ಸದರ್ನ್ ಆಲ್ಪ್ಸ್ ಪರ್ವತಗಳನ್ನು ಏರಲು ಹೋಗಿ. ಟೆ ಅನೌ ಬೆಟ್ಟದ ಮೂಡಣ ಮಗ್ಗುಲಿನಲ್ಲಿದೆ, ನಮಗೆ ಶಿವಮೊಗ್ಗ ಇದ್ದ ಹಾಗೆ. ಮಿಲ್‌ಫರ್ಡಿನ ಐದಾರನೇ ಒಂದು ಪಾಲು ಮಳೆ ಅಲ್ಲಿ ಬಿದ್ದರೆ ಹೆಚ್ಚು. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಿಂತು ಆಕಾಶ ನೋಡಿ ಆಗುಂಬೆಯಲ್ಲಿ ಬಿಸಿಲಿರಬಹುದು ಎನ್ನುವವರನ್ನು ಕಂಡರೆ ನೀವು ನಗುತ್ತೀರಿ. ಟೆ ಅನೌ ಕೆರೆದಂಡೆಯಲ್ಲಿ ಕಾಫಿ ಕುಡಿಯುತ್ತ ಕೂತಾಗ ನೀವೂ ಅದೇ ಮಾತು ಹೇಳಬೇಡಿ.

ವ್ಯತ್ಯಾಸವಿರುವುದು ಪಂಚಾಂಗದಲ್ಲಿ. ನಮ್ಮ ಮಳೆಗೆ ಒಂದು ಲೆಕ್ಕಾಚಾರವಿದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಹೆಸರು ಹಿಡಿದು ಕರೆಯುವಷ್ಟು ಮಳೆ ಪರಿಚಿತ, ದೀಪಾವಳಿಯ ಹೊತ್ತಿಗೆ ಅದು ಕಾಲು ತೆಗೆಯುತ್ತದೆ. ದಕ್ಷಿಣಕ್ಕೆ 45 ಡಿಗ್ರಿ ಅಕ್ಷಾಂಶದಲ್ಲಿರುವ ಆ ನಾಡಿನಲ್ಲಿ ಮಳೆಗಾಲ ಎಂಬುದೇ ಇಲ್ಲ. ವರ್ಷವಿಡೀ ಕೆಲವು ದಿನಗಳಿಗೊಮ್ಮೆ ಪಡುವಣದಿಂದ ಒಂದು ಶೀತ ಅಲೆ ಹಾದುಹೋಗುತ್ತದೆ. ಹವಾಮಾನದವರು ಅದನ್ನು ಕೋಲ್ಡ್ ಫ್ರಂಟ್ ಎನ್ನುತ್ತಾರೆ. ಅದರ ನಡೆಗೆ ಒಂದು ಕ್ರಮವಿದೆ. ಮೊದಲು ವಾಯವ್ಯದಿಂದ ಗಾಳಿ ಬಲಗೊಳ್ಳುತ್ತದೆ, ಸೆಕೆ ಎನ್ನಿಸುವಷ್ಟು ಬೆಚ್ಚಗೂ ಇರಬಹುದು. ಬೆಟ್ಟದ ಮೇಲೆ ಮೋಡ ಕಟ್ಟಿ ಮಳೆ ಜೋರಾಗುತ್ತದೆ. ಆಮೇಲೆ ಗಾಳಿ ದಿಕ್ಕು ಬದಲಿಸಿ ನೈಋತ್ಯಕ್ಕೋ ದಕ್ಷಿಣಕ್ಕೋ ತಿರುಗುತ್ತದೆ. ಅಲ್ಲಿಂದ ಕೆಲವು ಗಂಟೆಗಳಲ್ಲೇ ಎಂಟು ಹತ್ತು ಡಿಗ್ರಿ ಇಳಿದು ಮಳೆ ಆಲಿಕಲ್ಲಾಗಿ, ಆಲಿಕಲ್ಲು ಹಿಮವಾಗಿ ಬೀಳಬಹುದು. ಹುಡುಗಿಯ ನಾಲ್ಕು ಋತು ಎಂದರೆ ಇದು. ಯಾವ ಗಂಟೆಗೆ ಎಂದು ಹೇಳಲಾಗದು, ಯಾವ ಸಾಲಿನಲ್ಲಿ ಬರುತ್ತದೆ ಎಂದು ಹೇಳಬಹುದು. ತೆಂಕಣ ಗಾಳಿ ಸೋಂಕಿದರೆ ಹಿತವೆನ್ನುವುದು ನಮ್ಮ ಕಾವ್ಯದ ಸಂಸ್ಕಾರ. ಅಲ್ಲಿ ತೆಂಕಣ ಗಾಳಿ ಎಂದರೆ ಅಂಟಾರ್ಕ್ಟಿಕಾದ ಕಡೆಯಿಂದ ಬಂದದ್ದು. ಬೆಚ್ಚನೆಯ ವಾಯವ್ಯ ಗಾಳಿ ತಟ್ಟನೆ ನಿಂತು ಒಂದು ಕೆನ್ನೆಗೆ ಬೀಸುತ್ತಿದ್ದದ್ದು ಇನ್ನೊಂದು ಕೆನ್ನೆಗೆ ಬೀಸಿದರೆ ಟೋಪಿ ಕೈಗವಸು ತೆಗೆಯಿರಿ, ಚಳಿಯಾದ ಮೇಲೆ ಅಲ್ಲ, ಆಗಲೇ.

ಮೊಬೈಲಿನಲ್ಲಿ ತಾನಾಗಿ ಬರುವ ಹವಾಮಾನದ ಚಿತ್ರ ಊರಿನದು, ಅದಕ್ಕೂ ಬೆಟ್ಟಕ್ಕೂ ಸಂಬಂಧವಿಲ್ಲ. ಅಲ್ಲಿನ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್ ರಾಷ್ಟ್ರೀಯ ಉದ್ಯಾನಗಳಿಗೆಂದೇ ಪರ್ವತ ಮುನ್ಸೂಚನೆ ಕೊಡುತ್ತದೆ. ನಿಮ್ಮದು ಫಿಯೋರ್ಡ್‌ಲೆಂಡ್ ವಿಭಾಗ. ಅದರಲ್ಲಿ ಮಳೆಯ ಸಾಲನ್ನು ಎಲ್ಲರೂ ಓದುತ್ತಾರೆ, ನೀವು ಇನ್ನೆರಡನ್ನು ಓದಿ: 1,000 ಮೀಟರ್ ಎತ್ತರದ ಗಾಳಿಯ ವೇಗ, ಮತ್ತು ನೀರು ಹೆಪ್ಪುಗಟ್ಟುವ ಮಟ್ಟ. ಹೆಪ್ಪುಗಟ್ಟುವ ಮಟ್ಟ 1,500 ಮೀಟರ್ ಎಂದಿದ್ದರೆ ಹಿಮ ಅದಕ್ಕಿಂತ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೂ ಬೀಳಬಹುದು, ಅಂದರೆ ನೀವು ನಡೆಯುವ ಜಾಗಕ್ಕೇ. ಗಾಳಿ 60 ದಾಟಿದರೆ ಬೆನ್ನುಚೀಲ ಹೊತ್ತವನ ಹೆಜ್ಜೆ ತಪ್ಪತೊಡಗುತ್ತದೆ. ಈಗಿನಿಂದಲೇ ವಾರಕ್ಕೆರಡು ಸಲ ಉಡುಪಿಯಲ್ಲಿ ಕೂತು ಆ ಪುಟವನ್ನು ಓದುವ ಅಭ್ಯಾಸ ಮಾಡಿ, ಮೂರು ದಿನ ಬಿಟ್ಟು ನಿಜಕ್ಕೂ ಏನಾಯಿತೆಂದು ನೋಡಿ. ಖರ್ಚಿಲ್ಲದ ತಯಾರಿ ಇದು. ನೀವು ಹೋಗುವ ಹೊತ್ತಿಗೆ ಆ ನಾಡಿನ ಗಾಳಿಯ ಗುಣ ನಿಮಗೆ ಪರಿಚಯವಾಗಿರುತ್ತದೆ.

ಈಗ ಬಟ್ಟೆಗೆ ಬರೋಣ. ಅಂಗಡಿಯವರು ಇದನ್ನು ಮೂರು ಪದರ ಎಂದು ಹೊಸ ವಿದ್ಯೆಯಂತೆ ಹೇಳುತ್ತಾರೆ. ನಮ್ಮ ಹಿರಿಯರಿಗೆ ಅದರಲ್ಲಿ ಎರಡು ಗೊತ್ತೇ ಇತ್ತು. ಘಟ್ಟದ ಮೇಲಿನವರು ಮಳೆಗೆ ಕಂಬಳಿಕೊಪ್ಪೆ ಹಾಕುತ್ತಿದ್ದರು, ಏಕೆಂದರೆ ಉಣ್ಣೆ ನೆನೆದರೂ ಒಂದಷ್ಟು ಬೆಚ್ಚಗಿರುತ್ತದೆ. ನಮ್ಮ ಬೈಲಿನಲ್ಲಿ ನೇಜಿ ನೆಡುವವರು ಬೆನ್ನಿಗೆ ಗೊರಬು ಹಾಕುತ್ತಿದ್ದರು. ಮೇಲಿನಿಂದ ಮಳೆ ತಡೆಯುತ್ತದೆ, ಕೆಳಗಿನಿಂದ ಗಾಳಿಯಾಡುತ್ತದೆ, ಬೆವರು ನಿಲ್ಲುವುದಿಲ್ಲ. ನನ್ನ ಸ್ಕೂಟರ್ ಕೋಟಿಗೆ ಗೊರಬಿನ ಬುದ್ಧಿ ಇರಲಿಲ್ಲ. ಮೈಗೆ ತಾಗುವ ಅಂಗಿ ಮೆರಿನೋ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಹತ್ತಿ ಬೇಡ, ಬನಿಯನ್ ಚಡ್ಡಿ ಕಾಲುಚೀಲವೂ ಹತ್ತಿಯದಿರಬಾರದು, ಜೀನ್ಸ್ ಅಂತೂ ಊರಿನಲ್ಲೇ ಉಳಿಯಲಿ. ಬೈರಾಸು ಒಂದು ಒಯ್ಯಿರಿ, ಆದರೆ ಅದು ಚೀಲದಿಂದ ಹೊರಬರುವುದು ತಂಗುಮನೆಯಲ್ಲಿ ಮಾತ್ರ. ಮೈಗೆ ತಾಗುವ ಅಂಗಿಯ ಮೇಲೆ ಫ್ಲೀಸ್ ಅಂಗಿ, ಅಂದರೆ ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆಯದು. ಇನ್ನೊಂದು ಫ್ಲೀಸೋ ಹಗುರವಾದ, ಹತ್ತಿಯಿಲ್ಲದ ಮೆತ್ತೆ ಜಾಕೆಟ್ಟೋ ಪ್ಲಾಸ್ಟಿಕ್ಕಿನೊಳಗೆ ಕಟ್ಟಿಟ್ಟು, ತಂಗುವವರೆಗೆ ಮುಟ್ಟದೆ ಇರಿಸಬೇಕು. ನಡೆಯುವಾಗ ಚಳಿಯಾಯಿತೆಂದು ಆ ಒಣಬಟ್ಟೆಯನ್ನು ಹಾಕಿಕೊಳ್ಳುವ ಆಸೆಯಾಗುತ್ತದೆ. ನಡುಕ ನಿಲ್ಲದೇ ಹೋದರೆ ಹೊರತು ಹಾಕಬೇಡಿ, ರಾತ್ರಿಗೆ ಏನೂ ಉಳಿಯುವುದಿಲ್ಲ.

ಹೊರಗಿನ ಜಾಕೆಟ್ಟಿನಲ್ಲಿ ಬ್ರ್ಯಾಂಡ್ ನೋಡುವ ಮೊದಲು ಹೊಲಿಗೆಯನ್ನು ನೋಡಿ. ಒಳಮಗ್ಗುಲಲ್ಲಿ ಪ್ರತಿ ಹೊಲಿಗೆಯ ಮೇಲೂ ಪಟ್ಟಿ ಅಂಟಿಸಿರಬೇಕು. ಬಟ್ಟೆಯ ಜಲನಿರೋಧಕ ಅಂಕಿ (ಎಷ್ಟು ಎತ್ತರದ ನೀರಿನ ಒತ್ತಡವನ್ನು ತಡೆಯುತ್ತದೆ ಎಂಬ ಅಳತೆ) ಕನಿಷ್ಠ 10,000 ಮಿಲಿಮೀಟರ್, ಸಾಧ್ಯವಾದರೆ 20,000. ಕಂಕುಳ ಕೆಳಗೆ ಜಿಪ್ ಇದ್ದರೆ ಒಳ್ಳೆಯದು, ಅದು ನಿಮ್ಮ ಗೊರಬಿನ ಗಾಳಿ. ತಲೆಯ ಮುಸುಕನ್ನು ಹಗ್ಗ ಎಳೆದು ಬಿಗಿಮಾಡಿ ತಲೆಯನ್ನು ಎಡಕ್ಕೆ ತಿರುಗಿಸಿ: ಮುಸುಕೂ ತಿರುಗಿದರೆ ಕೊಳ್ಳಿ, ನಿಮ್ಮ ಕಣ್ಣು ಮುಸುಕಿನ ಒಳಗೋಡೆಯನ್ನು ನೋಡಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮಳೆ ಪ್ಯಾಂಟನ್ನು ಬಹಳ ಜನ ಮರೆಯುತ್ತಾರೆ. ಬೂಟು ಬಿಚ್ಚದೆ ಹಾಕಿಕೊಳ್ಳಲು ಬರುವಂತೆ ಬದಿಯಲ್ಲಿ ಉದ್ದ ಜಿಪ್ ಇರಲಿ. ಕೈಗವಸು ಎರಡು ಜೊತೆ. ದುಬಾರಿಯಾಯಿತು ಎನ್ನಿಸಿದರೆ ಜಾಕೆಟ್, ಪ್ಯಾಂಟು ಟೆ ಅನೌನಲ್ಲಿ ಬಾಡಿಗೆಗೂ ಸಿಗುತ್ತವೆ. ಬೂಟನ್ನು ಮಾತ್ರ ಬಾಡಿಗೆಗೆ ಪಡೆಯಬೇಡಿ, ಕಾಲಿಗೆ ಪಳಗಿದ್ದೇ ಬೇಕು.

ಬೆನ್ನುಚೀಲದ ಮೇಲೆ ಹೊದಿಸುವ ಮಳೆಗವಸು ಬೆಟ್ಟದ ಗಾಳಿಗೆ ಗಾಳಿಪಟವಾಗುತ್ತದೆ. ಚೀಲದ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ ಅದರೊಳಗೆ ಎಲ್ಲ ತುಂಬಿ ಬಾಯಿ ತಿರುಚಿ ಮಡಚುವುದೇ ಸರಿ. ಅಲ್ಲಿ ಇದಕ್ಕೆಂದೇ ಎದ್ದುಕಾಣುವ ಹಳದಿ ಚೀಲ ಮಾರುತ್ತಾರೆ. ತೀರಾ ಅಡಚಣೆಯಾದರೆ ಅದರೊಳಗೆ ಮನುಷ್ಯನೇ ಸೇರಿಕೊಳ್ಳಬಹುದು.

ಕೊಡೆಯ ಪ್ರಶ್ನೆಗೆ ನಾನು ನಗುತ್ತೇನೆಂದು ನೀವು ಅಂದುಕೊಂಡಿರಬೇಕು. ಇಲ್ಲ. ಮೊದಲ ದಿನ ಬೀಚ್ ಎಂಬ ಜಾತಿಯ ಮರಗಳ ಕಾಡಿನೊಳಗೆ ನಡೆಯುವಾಗ, ಮೂರನೆಯ ದಿನ ಕಣಿವೆಯ ತಳದಲ್ಲಿ, ಕೊಡೆಗಿಂತ ಸುಖವಾದ ಮಳೆಸಾಧನವಿಲ್ಲ. ಬೆವರೂ ಇಲ್ಲ, ಕನ್ನಡಕದ ಮೇಲೆ ಹನಿಯೂ ಇಲ್ಲ. ಎರಡನೆಯ ದಿನ, ಬೋಳು ಬೆಟ್ಟದ ಬೆನ್ನಿನ ಮೇಲೆ, ಅದನ್ನು ಚೀಲದೊಳಗೆ ಕಟ್ಟಿಟ್ಟುಬಿಡಿ. ಅಲ್ಲಿ ಬಿಚ್ಚಿದರೆ ಕೊಡೆ ಹೋಗುವುದಷ್ಟೇ ಅಲ್ಲ, ಅದನ್ನು ಹಿಡಿದುಕೊಳ್ಳಲು ಹೋಗಿ ನೀವೂ ಎರಡು ಹೆಜ್ಜೆ ಹೋಗುತ್ತೀರಿ.

ಊರಿನಲ್ಲಿ ತಯಾರಿ ಮಾಡಬಹುದೇ ಎಂದು ಕೇಳಿದ್ದೀರಿ. ಈಗ ಜುಲೈ, ಇದಕ್ಕಿಂತ ಒಳ್ಳೆಯ ಪರೀಕ್ಷಾಲಯ ನ್ಯೂಜಿಲೆಂಡಿಗರಿಗೂ ಇಲ್ಲ. ಜಾಕೆಟ್, ಪ್ಯಾಂಟು, ಬೂಟು, ತುಂಬಿದ ಬೆನ್ನುಚೀಲ ಎಲ್ಲ ಹಾಕಿಕೊಂಡು ಮಲ್ಪೆಯ ಕಡಲ ಬದಿಯ ರಸ್ತೆಯಲ್ಲಿ ಗಾಳಿಮಳೆಗೆ ಎದುರಾಗಿ ಎರಡು ಗಂಟೆ ನಡೆಯಿರಿ. ಜನ ನೋಡುತ್ತಾರೆ, ನೋಡಲಿ. ಮನೆಗೆ ಬಂದು ಎಲ್ಲೆಲ್ಲಿ ನೀರು ಹೊಕ್ಕಿದೆ ಎಂದು ನೋಡಿ: ಕತ್ತಿನ ಬಳಿಯೇ, ತೋಳಿನ ತುದಿಯೇ, ಚೀಲದ ತಳವೇ. ಒಂದು ಎಚ್ಚರಿಕೆ. ಬೆವರನ್ನು ಹೊರಬಿಡುವ ಬಟ್ಟೆ ಎಂದು ದುಡ್ಡು ಕೊಟ್ಟಿರುತ್ತೀರಿ, ಆದರೆ ಒಳಗೆ ತೊಪ್ಪೆಯಾಗಿರುತ್ತದೆ. ಅಂಗಡಿಯವನನ್ನು ಬೈಯಬೇಡಿ. ಆ ಬಟ್ಟೆ ಕೆಲಸ ಮಾಡುವುದು ಒಳಗೆ ಬಿಸಿ ತೇವ, ಹೊರಗೆ ತಂಪು ಒಣ ಇದ್ದಾಗ. ನಮ್ಮ ಊರಿನಲ್ಲಿ ಹೊರಗೂ ಒಳಗಿನಷ್ಟೇ ತೇವ. ಸೋರುತ್ತದೆಯೇ ಎಂಬುದನ್ನು ಮಾತ್ರ ಇಲ್ಲಿ ಪರೀಕ್ಷಿಸಬಹುದು.

ಚಳಿಯ ಪರೀಕ್ಷೆಗೆ ಮೀನಿನ ಐಸ್ ಸಾಕು. ಬಕೆಟ್ಟಿನಲ್ಲಿ ನೀರು, ಒಂದಿಷ್ಟು ಐಸ್ ತುಂಡು. ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಒಂದೆರಡು ನಿಮಿಷ ಮುಳುಗಿಸಿ ತೆಗೆದು, ಒರೆಸದೆ, ಜಾಕೆಟ್ಟಿನ ಜಿಪ್ ಎಳೆಯಿರಿ, ಬೂಟಿನ ದಾರ ಕಟ್ಟಿ, ಲೈಟರ್ ಹೊತ್ತಿಸಿ, ಬಿಸ್ಕತ್ತಿನ ಪೊಟ್ಟಣ ಹರಿಯಿರಿ. (ಸಕ್ಕರೆ ಕಾಯಿಲೆಯೋ ರಕ್ತಸಂಚಾರದ ತೊಂದರೆಯೋ ಇದ್ದರೆ ಇದನ್ನು ಮಾಡಬೇಡಿ.) ಯಾವುದು ಆಗುವುದಿಲ್ಲವೋ ಅದಕ್ಕೆ ಮನೆಯಲ್ಲೇ ಪರಿಹಾರ ಹುಡುಕಿ. ನಾನು ಪ್ರತಿ ಜಿಪ್ಪಿಗೂ ಬೆರಳು ತೂರುವಷ್ಟು ದೊಡ್ಡ ದಾರದ ಕುಣಿಕೆ ಕಟ್ಟಿದ್ದೇನೆ. ತಿಂಡಿಯ ಪೊಟ್ಟಣಗಳನ್ನು ಮನೆಯಲ್ಲೇ ಒಡೆದು ಜಿಪ್ ಚೀಲಕ್ಕೆ ಸುರಿದುಕೊಂಡು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಳ್ಳುತ್ತೇನೆ, ಏಕೆಂದರೆ ಮಳೆಯಲ್ಲಿ ಚೀಲ ಇಳಿಸಿ ತಿನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ತಿನ್ನದವನಿಗೆ ಚಳಿ ಬೇಗ ಹತ್ತುತ್ತದೆ. ಗಂಟೆಗೊಂದು ತುಂಡು ನೆಲಗಡಲೆ ಚಿಕ್ಕಿ ಬಾಯಿಗೆ ಹೋಗುತ್ತಿರಲಿ.

ಕಾಲಿನ ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಮಾರ ಪರ್ವತ ಹತ್ತಿದವರಿಗೆ ಕೆಪ್ಲರ್‌ನ ಏರು ಭಾರವಲ್ಲ. ದಿನಕ್ಕೆ 14ರಿಂದ 16 ಕಿಲೋಮೀಟರ್, ಐದಾರು ಗಂಟೆ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಹಲವು ಚಾರಣ ದಾರಿಗಳನ್ನು ಮುಚ್ಚುವುದರಿಂದ ಕದ್ದು ಹೋಗಬೇಡಿ, ಮಣಿಪಾಲದ ಏರುರಸ್ತೆಗಳೇ ಸಾಕು.

ಮುಖ್ಯವಾದ ತಯಾರಿಗೆ ಈಗ ಬಂದೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ನಿಮ್ಮ ಕಚೇರಿಯ ರಜೆ ಅರ್ಜಿಯಲ್ಲಿದೆ. ನಾಲ್ಕು ದಿನದ ಚಾರಣ, ಐದನೆಯ ದಿನ ವಿಮಾನ ಎಂದು ಇಟ್ಟುಕೊಂಡಿದ್ದರೆ ದಯವಿಟ್ಟು ಬದಲಿಸಿ. ಚಾರಣಕ್ಕೆ ಮೊದಲು ಒಂದು, ಮುಗಿದ ಮೇಲೆ ಎರಡು ದಿನ ಖಾಲಿ ಇರಲಿ. ಬೆಟ್ಟದಲ್ಲಿ ಅನಾಹುತಕ್ಕೆ ನೂಕುವುದು ಬಹಳ ಸಲ ಬಿರುಗಾಳಿಗಿಂತ ಟಿಕೆಟ್ಟಿನ ತಾರೀಕು. ಎರಡನೆಯ ದಿನ, ಲಕ್ಸ್‌ಮೋರ್ ತಂಗುಮನೆಯಿಂದ ಐರಿಸ್ ಬರ್ನ್ ತಂಗುಮನೆಗೆ 14.6 ಕಿಲೋಮೀಟರ್. ಬಹುಪಾಲು ಒಂದು ಮರವೂ ಇಲ್ಲದ ಬೆಟ್ಟದ ಬೆನ್ನು. ನಡುವೆ ಫಾರೆಸ್ಟ್ ಬರ್ನ್, ಹ್ಯಾಂಗಿಂಗ್ ವ್ಯಾಲಿ ಎಂಬ ಎರಡು ತುರ್ತು ಆಸರೆಗಳು ಬಿಟ್ಟರೆ ಗಾಳಿಗೆ ಮರೆಯಿಲ್ಲ. ಲಕ್ಸ್‌ಮೋರ್ ತಂಗುಮನೆಯಿಂದ ಹೊರಡುವ ಮೊದಲು ಹೋಗುವುದೋ ಬಿಡುವುದೋ ಎಂದು ತೀರ್ಮಾನವಾಗಬೇಕಾದದ್ದು ಈ ಒಂದು ದಿನ. ಚಾರಣದ ಋತುವಿನಲ್ಲಿ ಪ್ರತಿ ತಂಗುಮನೆಯಲ್ಲೂ ರೇಂಜರ್ ಇರುತ್ತಾರೆ, ಸಂಜೆ ಎಲ್ಲರನ್ನೂ ಕೂರಿಸಿ ಮರುದಿನದ ಮುನ್ಸೂಚನೆ ಹೇಳುತ್ತಾರೆ. ಅವರು "ನಾಳೆ ಕಾದು ನೋಡಿ" ಎಂದರೆ ಕಾಯಿರಿ, "ಹಿಂದಿರುಗಿ" ಎಂದರೆ ಹಿಂದಿರುಗಿ. ಅಷ್ಟು ದೂರದಿಂದ ಬಂದಿದ್ದೇವೆ, ಅಷ್ಟು ದುಡ್ಡು ಸುರಿದಿದ್ದೇವೆ ಎಂಬ ವಾದ ಅವರಿಗೆ ದಿನವೂ ಕೇಳಿ ಅಭ್ಯಾಸವಾಗಿದೆ.

ಇಲ್ಲಿ ಮಾತ್ರ ನಿಮ್ಮ ಕರಾವಳಿಯ ಬುದ್ಧಿ ಉಪಯೋಗಕ್ಕೆ ಬರುತ್ತದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಮಲ್ಪೆ ಬಂದರಿನಲ್ಲಿ ದೋಣಿಗೆ ದೋಣಿ ತಾಗಿಸಿ ಕಟ್ಟಿರುವುದನ್ನು ನೀವು ದಿನಾ ನೋಡುತ್ತೀರಿ. ನಿಷೇಧ ಮುಗಿದ ಮೇಲೂ ಕಡಲು ಪ್ರಕ್ಷುಬ್ಧವಾಗಿದ್ದರೆ ಯಾರೂ ಲಂಗರು ಎತ್ತುವುದಿಲ್ಲ. ಹೆದರಿದ ಎಂದು ಯಾರೂ ಆಡಿಕೊಳ್ಳುವುದೂ ಇಲ್ಲ. ಮೊಗವೀರರಲ್ಲಿ ಹಿರಿಯರೊಬ್ಬರು ಬೇಡವೆಂದರೆ ಬೇಡ. ನೀವು ಮತ್ತು ಭಾವ ಇದನ್ನು ಇಲ್ಲೇ ಮಾತಾಡಿಕೊಳ್ಳಿ: ಇಬ್ಬರಲ್ಲಿ ಒಬ್ಬರು ಸಾಕು ಎಂದರೆ ಇನ್ನೊಬ್ಬರು ಚರ್ಚಿಸುವಂತಿಲ್ಲ. ಭಾವನ ಮುಂದೆ ಸೋಲೊಪ್ಪಿಕೊಳ್ಳುವುದು ನಮ್ಮ ಕಡೆ ಅಷ್ಟು ಸುಲಭವಲ್ಲ, ಅದಕ್ಕೇ ಮೊದಲೇ ಒಪ್ಪಂದವಾಗಿರಲಿ. ಬೆಟ್ಟಕ್ಕೆ ಹೋಗಲಾಗದ ದಿನ ಮಿಲ್‌ಫರ್ಡ್ ಸೌಂಡಿಗೆ ಬಸ್ ಹಿಡಿಯಿರಿ. ಮಳೆ ಬಂದಷ್ಟೂ ಅಲ್ಲಿನ ಬಂಡೆಗಳ ಮೇಲಿಂದ ನೂರಾರು ಹೊಸ ಜಲಪಾತಗಳು ಇಳಿಯುತ್ತವೆ, ಬಿಸಿಲಿನಲ್ಲಿ ಹೋದವರಿಗೆ ಅದು ಸಿಗುವುದಿಲ್ಲ. ಹಾಗೆಂದು ಮಳೆ ಅತಿಯಾದರೆ ಆ ರಸ್ತೆಯೂ ಉಳಿಯುವುದಿಲ್ಲ: 2020ರ ಫೆಬ್ರವರಿಯ ನೆರೆಯಲ್ಲಿ ರಸ್ತೆ ಕೊಚ್ಚಿಹೋಗಿ ಪ್ರವಾಸಿಗರನ್ನೂ ಚಾರಣಿಗರನ್ನೂ ಹೆಲಿಕಾಪ್ಟರಿನಲ್ಲಿ ಹೊರತರಬೇಕಾಯಿತು.

ಹೊಳೆಯ ಬಗ್ಗೆ ನಿಮಗೆ ಹೇಳಬೇಕಾದ್ದು ಕಡಿಮೆ. ಹೆಬ್ರಿಯಲ್ಲಿ ಬಿಸಿಲಿದ್ದರೂ ಆಗುಂಬೆಯಲ್ಲಿ ಸುರಿದರೆ ಸೀತಾ ನದಿ ಏರುತ್ತದೆಂದು ನಿಮಗೆ ಗೊತ್ತು. ಕೆಪ್ಲರ್‌ನ ದೊಡ್ಡ ಹೊಳೆಗಳಿಗೆ ಸೇತುವೆಗಳಿವೆ, ಪಕ್ಕದ ಹಳ್ಳಗಳು ದಾರಿಯನ್ನು ಕೊಚ್ಚಿಹಾಕುವುದುಂಟು. ನೀರು ಕದಡಿದ್ದರೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಸದ್ದು ಕೇಳಿದರೆ ಇಳಿಯಬೇಡಿ. ಅಲ್ಲಿನ ಹಳ್ಳಗಳು ಎಷ್ಟು ಬೇಗ ಏರುತ್ತವೋ ಅಷ್ಟೇ ಬೇಗ ಇಳಿಯುತ್ತವೆ, ಮಳೆ ನಿಂತು ಕೆಲವು ಗಂಟೆ ಕಾದರೆ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಹೋದ ವಲಸಿಗರು ಹೊಳೆ ದಾಟಲು ಹೋಗಿ ಎಷ್ಟು ಮಂದಿ ಸಾಯುತ್ತಿದ್ದರೆಂದರೆ, ನೀರಿನಲ್ಲಿ ಮುಳುಗಿ ಸಾಯುವುದಕ್ಕೇ "ನ್ಯೂಜಿಲೆಂಡ್ ಸಾವು" ಎಂದು ಹೆಸರು ಬಿದ್ದಿತ್ತು.

ಇನ್ನು ಒಬ್ಬರನ್ನೊಬ್ಬರು ಗಮನಿಸುವ ವಿಷಯ. ಮೈಯ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅದು ಬಂದವನಿಗೆ ಬಂದದ್ದು ತಿಳಿಯುವುದಿಲ್ಲ, ಬುದ್ಧಿಯೇ ಮಂದವಾಗಿರುತ್ತದೆ. ಆದ್ದರಿಂದ ಭಾವನನ್ನು ನೀವು ನೋಡಬೇಕು, ನಿಮ್ಮನ್ನು ಭಾವ. ನಡುಕ, ಎಡವುವುದು, ನಾಲಿಗೆ ತೊದಲುವುದು, ಬೆರಳಿನ ಸಣ್ಣ ಕೆಲಸ ಆಗದಿರುವುದು, ಕಾರಣವಿಲ್ಲದ ಸಿಡುಕು ಅಥವಾ ಮೌನ. ಮಾತುಗಾರ ಭಾವ ಅರ್ಧ ಗಂಟೆಯಿಂದ ಸುಮ್ಮನಿದ್ದಾರೆಂದರೆ ನಿಲ್ಲಿಸಿ ಮಾತಾಡಿಸಿ. ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ನೆಲದ ಚಳಿ ತಾಗದಂತೆ ಕೆಳಗೆ ಏನಾದರೂ ಹಾಸಿ, ನುಂಗಲು ಶಕ್ತಿಯಿದ್ದರೆ ಬಿಸಿಯಾದ ಸಿಹಿ ನೀರು ಕುಡಿಸಿ. ಕೈಕಾಲು ಉಜ್ಜಬೇಡಿ. ಬ್ರಾಂದಿ ಬೇಡವೇ ಬೇಡ, ಅದು ಚರ್ಮವನ್ನು ಬೆಚ್ಚಗೆ ಮಾಡಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಚಳಿಯಲ್ಲೇ ಇರುವಾಗ ನಡುಕ ತಾನಾಗಿ ನಿಂತರೆ ಸುಧಾರಿಸಿತೆಂದು ತಿಳಿಯಬೇಡಿ, ಅದು ಕೆಟ್ಟದ್ದರ ಗುರುತು. ಆಗ ಸಹಾಯಕ್ಕೆ ಕರೆಯಲೇಬೇಕು.

ಕರೆಯುವುದು ಹೇಗೆ? ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಪಿಎಲ್‌ಬಿ ಎಂಬ ಅಂಗೈಯಗಲದ ಸಾಧನ ಟೆ ಅನೌನಲ್ಲಿ ಬಾಡಿಗೆಗೆ ಸಿಗುತ್ತದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಅಲ್ಲಿನ ರಕ್ಷಣಾ ಕೇಂದ್ರಕ್ಕೆ ನೀವಿರುವ ಜಾಗ ತಿಳಿಯುತ್ತದೆ. ಅದನ್ನು ಚೀಲದ ತಳದಲ್ಲಿಡದೆ ಮೈಮೇಲೆಯೇ ಇಟ್ಟುಕೊಳ್ಳಿ. ಕೊಂಡುಕೊಂಡೇ ಬಿಡೋಣ ಎಂದು ಅಲ್ಲಿಂದ ಉಪಗ್ರಹ ಫೋನನ್ನೋ ಸಂದೇಶ ಸಾಧನವನ್ನೋ ಊರಿಗೆ ತರಬೇಡಿ, ಭಾರತದಲ್ಲಿ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀರಿ. ನಿಮ್ಮ ಸೊಸೆಗೂ ಒಂದು ಕೆಲಸ ಕೊಡಿ. ಯಾವ ರಾತ್ರಿ ಎಲ್ಲಿ ತಂಗುತ್ತೀರಿ, ಯಾವ ದಿನ ಎಷ್ಟು ಗಂಟೆಯೊಳಗೆ ಫೋನ್ ಮಾಡುತ್ತೀರಿ ಎಂದು ಬರೆದುಕೊಟ್ಟು, ಆ ಹೊತ್ತು ಮೀರಿದರೆ 111ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಲು ಹೇಳಿ. ಇಳಿದ ಕೂಡಲೇ ಅವಳಿಗೆ ಫೋನ್ ಮಾಡುವುದನ್ನು ಮರೆತು ಊಟಕ್ಕೆ ಕೂರಬೇಡಿ. ಪ್ರಯಾಣ ವಿಮೆಯ ಪತ್ರದಲ್ಲಿ ಚಾರಣವನ್ನು ಹೊರಗಿಟ್ಟಿರುವ ಸಾಲು ಇದೆಯೇ ಎಂದು ನೋಡುವುದು ಬ್ಯಾಂಕಿನವರಾದ ನಿಮಗೆ ಕಷ್ಟವಲ್ಲ.

ತಂಗುಮನೆಗಳಲ್ಲಿ ಹಾಸಿಗೆ, ಗ್ಯಾಸ್ ಒಲೆ ಇರುತ್ತವೆ. ಹೊದಿಕೆ, ಪಾತ್ರೆ, ಅಡುಗೆ ಸಾಮಾನು ನಿಮ್ಮದೇ. ಹಾಗೆಂದು ಅಕ್ಕ ಕಟ್ಟಿಕೊಡುವ ಹಲಸಿನ ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಸುಮ್ಮನೆ ಪೆಟ್ಟಿಗೆಗೆ ತುಂಬಬೇಡಿ. ತಿನ್ನುವ ವಸ್ತು ಏನೇ ಇರಲಿ, ಪ್ರವೇಶದ ಅರ್ಜಿಯಲ್ಲಿ "ಹೌದು" ಎಂದು ಗುರುತು ಹಾಕಿ ಅಧಿಕಾರಿಗೆ ತೋರಿಸಿ, ಬಿಡುವುದು ಬಿಡದಿರುವುದು ಅವರ ತೀರ್ಮಾನ. ಮುಚ್ಚಿಟ್ಟರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಜೇನುತುಪ್ಪವನ್ನಂತೂ ಮನೆಯಲ್ಲೇ ಬಿಡಿ. ಬಳಸಿದ ಬೂಟಿಗೂ ಅದೇ ನಿಯಮ: ಹೊರನಾಡಿನ ಮಣ್ಣು, ಬೀಜ ಒಂದು ಕಣವೂ ಒಳಗೆ ಬರಬಾರದೆಂದು ಅಡಿಭಾಗವನ್ನು ತಿರುಗಿಸಿ ನೋಡುತ್ತಾರೆ. ಹೊರಡುವ ವಾರದ ಮೊದಲು ಹಲ್ಲುಜ್ಜುವ ಹಳೆಯ ಬ್ರಷ್ ತೆಗೆದುಕೊಂಡು, ಅಂಗಳದ ನಲ್ಲಿಯ ಕೆಳಗೆ ಕೂತು, ಅಡಿಯ ಗೀರುಗಳಲ್ಲಿ ಸಿಕ್ಕಿಕೊಂಡ ಕೊಡಚಾದ್ರಿಯ ಕೆಮ್ಮಣ್ಣನ್ನು ಒಂದೊಂದಾಗಿ ಕೆರೆದು ತೆಗೆಯಿರಿ. ಎರಡು ದಿನ ಬಿಸಿಲಿಗಿಟ್ಟು, ಪೂರ್ತಿ ಒಣಗಿದ ಮೇಲೆ ಪೆಟ್ಟಿಗೆಯಲ್ಲಿ ಕೈಗೆ ಬೇಗ ಸಿಗುವ ಹಾಗೆ ಎಲ್ಲದರ ಮೇಲೆ ಇಡಿ.